ಬಾಹಾ ಕ್ಯಾಲಿಫೋರ್ನಿಯಾದ ಕಚ್ಚಾ ದಾರಿಗಳಲ್ಲಿ ಸುರಕ್ಷಿತ ಪ್ರಯಾಣ

ಅಮೆರಿಕದ ಗಡಿಗೆ ಅಂಟಿಕೊಂಡ ಟಿಹುವಾನಾದಿಂದ ದಕ್ಷಿಣ ತುದಿಯ ಕಾಬೊ ಸಾನ್ ಲೂಕಾಸ್‌ವರೆಗೆ, ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾ ಪರ್ಯಾಯ ದ್ವೀಪದ ಉದ್ದಕ್ಕೂ, 1973ರಲ್ಲಿ ಪೂರ್ಣಗೊಂಡ ಒಂದನೇ ಹೆದ್ದಾರಿ ಸುಮಾರು 1,700 ಕಿಲೋಮೀಟರ್ ಸಾಗುತ್ತದೆ. ಇದರ ಎರಡೂ ಬದಿಗೆ ಕವಲೊಡೆಯುವ ಮರಳು, ಜಲ್ಲಿ, ಬಂಡೆಗಳ ದಾರಿಗಳು ಫೋರ್ ವೀಲ್ ಡ್ರೈವ್ ವಾಹನವಿರುವವರನ್ನು ಸೆಳೆಯುತ್ತವೆ. ಅಲ್ಲಿಗೆ ಹೊರಡುವವರು ಅಪರಾಧದ ಸುದ್ದಿಗಳನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಸಿದ್ಧರಾಗುವುದು ಸಾಲದು. ಇಂಧನ, ನೀರು ಮತ್ತು ಹಗಲಿನ ಬೆಳಕು, ಈ ಮೂರರ ಲೆಕ್ಕ ತಪ್ಪಿದಾಗಲೂ ಪ್ರಯಾಣ ಅಪಾಯಕ್ಕೆ ಸಿಲುಕುತ್ತದೆ. ಆದ್ದರಿಂದ ಪ್ರತಿದಿನದ ಪ್ರಯಾಣವನ್ನು ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸುತ್ತ ಯೋಜಿಸಬೇಕು.

ಅಮೆರಿಕದ ವಾಹನ ವಿಮೆ ಮೆಕ್ಸಿಕೊದ ಕಾನೂನಿಗೆ ಸಾಲದು. ಮೆಕ್ಸಿಕೊದ ಕಂಪನಿಯೊಂದರ ವಿಮೆಯನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ದೊಡ್ಡ ಅಪಘಾತವಾದರೆ ಹೊಣೆ ಯಾರದೆಂದು ತೀರ್ಮಾನವಾಗುವವರೆಗೆ ಪೊಲೀಸರು ಚಾಲಕರನ್ನು ತಡೆದಿಡಬಹುದಾದ್ದರಿಂದ, ಕಾನೂನು ನೆರವು ಸೇರಿರುವ ಪಾಲಿಸಿಯನ್ನೇ ಆರಿಸಿ, ಡಾಂಬರಿಲ್ಲದ ದಾರಿಗೂ ಅದು ಅನ್ವಯಿಸುತ್ತದೆಯೇ ಎಂದು ಲಿಖಿತವಾಗಿ ಕೇಳಿಕೊಳ್ಳಿ. ಕ್ಯಾಲಿಫೋರ್ನಿಯಾದಿಂದ ಹೊರಡುವ ಕನ್ನಡಿಗರ ಬಳಿ ಭಾರತದ ಪಾಸ್‌ಪೋರ್ಟ್ ಜೊತೆಗೆ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೊದ ವೀಸಾ ಬೇಕಾಗದು. ಆದರೆ ಗಡಿಯಲ್ಲಿ ತಾವಾಗಿಯೇ ವಾಹನ ನಿಲ್ಲಿಸಿ ಪ್ರವಾಸಿ ಪ್ರವೇಶ ಪತ್ರ ಪಡೆಯಬೇಕು. ಮರಳಿ ಅಮೆರಿಕಕ್ಕೆ ಪ್ರವೇಶಿಸಲು ತಮ್ಮ ದಾಖಲೆಗಳು ಸಾಕಾಗುತ್ತವೆಯೇ ಎಂಬುದನ್ನು ಗಡಿ ದಾಟುವ ಮೊದಲೇ ಖಚಿತಪಡಿಸಿಕೊಳ್ಳಬೇಕು. ಬಂದೂಕು ಹಾಗಿರಲಿ, ವಾಹನದ ಮೂಲೆಯಲ್ಲಿ ಮರೆತ ಒಂದೇ ಗುಂಡು ಕೂಡ ಅಲ್ಲಿ ಗಂಭೀರ ಅಪರಾಧವಾದೀತು.

ಎಲ್ ರೊಸಾರಿಯೊ ಊರಿನಲ್ಲಿ ಟ್ಯಾಂಕನ್ನು ಪೂರ್ತಿ ತುಂಬಿಸಲೇಬೇಕು. ಅಲ್ಲಿಂದ ಗೆರೆರೊ ನೆಗ್ರೊ ಕಡೆಗೆ ಒಂದನೇ ಹೆದ್ದಾರಿಯಲ್ಲಿ 300 ಕಿಲೋಮೀಟರಿಗೂ ಹೆಚ್ಚು ದೂರ ನಂಬಬಹುದಾದ ಪೆಟ್ರೋಲ್ ಬಂಕ್ ಇಲ್ಲ. ನಡುವಿನ ಕಾಟವಿನ್ಯಾದಲ್ಲಿ ಡ್ರಮ್ಮಿನಿಂದ ಮಾರುವ ಪೆಟ್ರೋಲನ್ನು ಕೊನೆಯ ಆಸರೆಯೆಂದಷ್ಟೇ ಭಾವಿಸಿ. ಕಚ್ಚಾ ದಾರಿಯಲ್ಲಿ ಇಂಧನ ಹೆಚ್ಚು ಖರ್ಚಾಗುವುದರಿಂದ ಹೆಚ್ಚುವರಿ ಕ್ಯಾನ್ ಇರಲಿ. ಒಬ್ಬರಿಗೆ ದಿನಕ್ಕೆ ಕನಿಷ್ಠ ನಾಲ್ಕು ಲೀಟರ್ ಲೆಕ್ಕದಲ್ಲಿ, ಯೋಜಿಸಿದ್ದಕ್ಕಿಂತ ಎರಡು ದಿನ ಹೆಚ್ಚಿಗೆ ಆಗುವಷ್ಟು ನೀರನ್ನು ಒಯ್ಯಿರಿ.

ಮರಳಿಗೆ ಇಳಿಯುವ ಮೊದಲು ಟೈರಿನ ಗಾಳಿಯನ್ನು ಸುಮಾರು 15ರಿಂದ 18 ಪಿಎಸ್‌ಐಗೆ ಇಳಿಸಬೇಕು. ಟೈರು ಅಗಲವಾಗಿ ಹರಡಿಕೊಂಡು ಮರಳಿನ ಮೇಲೆ ಭಾರವನ್ನು ಹಂಚುತ್ತದೆ. ಹದವಾದ ಒಂದೇ ವೇಗದಲ್ಲಿ ಸಾಗಿ, ಥಟ್ಟನೆ ಬ್ರೇಕ್ ಹಾಕುವುದನ್ನೂ ಸ್ಟೀರಿಂಗನ್ನು ಬಲವಾಗಿ ತಿರುಗಿಸುವುದನ್ನೂ ಬಿಡಿ. ಚಕ್ರ ಹೂತಾಗ ಆಕ್ಸಿಲರೇಟರ್ ಒತ್ತಿದಷ್ಟೂ ವಾಹನ ಇನ್ನಷ್ಟು ಕೆಳಗಿಳಿಯುತ್ತದೆ. ಕೂಡಲೇ ನಿಲ್ಲಿಸಿ, ಚಕ್ರಗಳ ಮುಂದಿನ ಮರಳನ್ನು ಸಲಿಕೆಯಿಂದ ತೆಗೆದು, ಗಾಳಿಯನ್ನು ಇನ್ನೂ ಸ್ವಲ್ಪ ಇಳಿಸಿ, ಬಂದ ಜಾಡಿನಲ್ಲೇ ಹಿಂದಕ್ಕೆ ಬರಲು ಯತ್ನಿಸಿ. ಕಡಿಮೆ ಗಾಳಿಯಲ್ಲಿ ಡಾಂಬರಿನ ಮೇಲೆ ವೇಗವಾಗಿ ಓಡಿಸಿದರೆ ಟೈರು ಕಾದು ಒಡೆಯಬಹುದಾದ್ದರಿಂದ, ಗಾಳಿ ತುಂಬುವ ಕಂಪ್ರೆಸರ್ ಜೊತೆಯಲ್ಲಿರಲೇಬೇಕು. ಸಾನ್ ಫೆಲಿಪೆ ಸುತ್ತಿನ ಕಡಲತೀರದಲ್ಲಿ ಉಬ್ಬರ ಇಳಿತಗಳ ಅಂತರ ಬಹಳ ದೊಡ್ಡದು. ಉಬ್ಬರದ ವೇಳೆ ತಿಳಿಯದೆ ಅಲ್ಲಿ ವಾಹನ ನಿಲ್ಲಿಸಬಾರದು. ಒಣಗಿದಂತೆ ಕಾಣುವ ಉಪ್ಪುನೆಲವನ್ನೂ ನಂಬಬೇಡಿ, ಮೇಲಿನ ತೆಳು ಪದರದಡಿಯಲ್ಲಿ ಕೆಸರು ಇರಬಹುದು. ಬೇಸಿಗೆಯ ಕೊನೆಯಿಂದ ಅಕ್ಟೋಬರ್‌ವರೆಗೆ ಚಂಡಮಾರುತದ ಮಳೆ ಬಂದರೆ ಒಣ ಹಳ್ಳಗಳು ಹಠಾತ್ತನೆ ತುಂಬಿ ಹರಿಯುವುದರಿಂದ, ಅವುಗಳ ಪಾತ್ರದಲ್ಲಿ ಡೇರೆ ಹಾಕಬಾರದು. 1967ರಿಂದ ನಡೆದುಬಂದಿರುವ, ಈಗ ಸಾಮಾನ್ಯವಾಗಿ ನವೆಂಬರಿನಲ್ಲಿ ಜರುಗುವ ಬಾಹಾ 1000 ರೇಸಿನ ಮುಂಚಿನ ವಾರಗಳಲ್ಲಿ ಸ್ಪರ್ಧಿಗಳು ಅಭ್ಯಾಸಕ್ಕಾಗಿ ವೇಗವಾಗಿ ಎದುರು ಬರುತ್ತಾರೆ. ಆಗ ಆ ಮಾರ್ಗದಿಂದ ದೂರವಿರುವುದೇ ಲೇಸು.

ಕತ್ತಲಾದ ಮೇಲೆ ಹೆದ್ದಾರಿಯಲ್ಲೂ ಓಡಿಸಬೇಡಿ. ರಸ್ತೆ ಕಿರಿದು, ಅನೇಕ ಕಡೆ ಅಂಚಿನಲ್ಲಿ ಜಾಗವೇ ಇಲ್ಲ, ದನಗಳು ಅಡ್ಡ ಬರುತ್ತವೆ. ಮುಂದಿನ ಟ್ರಕ್ಕು ಎಡ ಇಂಡಿಕೇಟರ್ ಹಾಕಿದರೆ ‘ದಾಟಿ ಹೋಗಿ’ ಎಂದೂ ಇರಬಹುದು, ಎಡಕ್ಕೆ ತಿರುಗುತ್ತಿರಲೂಬಹುದು, ಸ್ಪಷ್ಟವಾಗುವವರೆಗೆ ಕಾಯಿರಿ.

2024ರ ಏಪ್ರಿಲಿನಲ್ಲಿ ಎನ್ಸೆನಾಡಾದ ದಕ್ಷಿಣಕ್ಕೆ ನಿರ್ಜನ ಕರಾವಳಿಯಲ್ಲಿ ಬೀಡುಬಿಟ್ಟಿದ್ದ ಮೂವರು ಸರ್ಫರ್‌ಗಳ ಕೊಲೆಯಾಯಿತು. ಪಿಕಪ್ ವಾಹನವನ್ನು, ಮುಖ್ಯವಾಗಿ ಅದರ ಟೈರುಗಳನ್ನು ಕದಿಯಲು ಬಂದವರ ಕೃತ್ಯವೆಂದು ತನಿಖಾಧಿಕಾರಿಗಳು ಹೇಳಿದರು. ಇದನ್ನು ನೆನೆದಾಗ ಸಂಕಟವಾಗುತ್ತದೆ, ಅದಕ್ಕಾಗಿಯೇ ಒತ್ತಿ ಹೇಳುತ್ತೇನೆ: ಒಂಟಿ ವಾಹನದಲ್ಲಿ ಹೋಗಿ ನಿರ್ಜನ ತೀರದಲ್ಲಿ ರಾತ್ರಿ ಕಳೆಯಬೇಡಿ. ಕನಿಷ್ಠ ಎರಡು ವಾಹನಗಳಿರಲಿ, ಹಣ ಕೊಟ್ಟು ಉಳಿಯುವ ಶಿಬಿರತಾಣಗಳನ್ನೇ ಆರಿಸಿ, ಯಾರಾದರೂ ಆಯುಧ ತೋರಿಸಿ ವಾಹನ ಕೇಳಿದರೆ ಕೀಲಿಯನ್ನು ಕೊಟ್ಟುಬಿಡಿ. ಸೈನ್ಯದ ತಪಾಸಣಾ ಠಾಣೆಗಳು ದಾರಿಯಲ್ಲಿ ಸಾಮಾನ್ಯ. ಕಿಟಕಿ ಇಳಿಸಿ ಶಾಂತವಾಗಿ ಉತ್ತರಿಸಿ.

ತುರ್ತು ನೆರವಿಗೆ 911, ಹೆದ್ದಾರಿಯಲ್ಲಿ ವಾಹನ ಕೆಟ್ಟಾಗ ಸರ್ಕಾರದ ‘ಹಸಿರು ದೇವದೂತರು’ ಸೇವೆಗೆ 078 ಸಂಖ್ಯೆಗೆ ಕರೆ ಮಾಡಬಹುದು. ಆದರೆ ಮರುಭೂಮಿಯ ದೀರ್ಘ ಭಾಗಗಳಲ್ಲಿ ಮೊಬೈಲ್ ಸಿಗ್ನಲ್ ಇರದು. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವನ್ನು ಒಯ್ಯುವುದರ ಜೊತೆಗೆ, ಯಾವ ದಾರಿ, ಎಲ್ಲಿ ತಂಗುವುದು, ಎಷ್ಟು ಗಂಟೆಯೊಳಗೆ ಸುದ್ದಿ ಬರದಿದ್ದರೆ ಯಾರಿಗೆ ತಿಳಿಸಬೇಕು ಎಂಬುದನ್ನು ಬರೆದು ಮನೆಯವರ ಕೈಗೆ ಕೊಟ್ಟು ಹೊರಡಿ.