ಕಾರಿಗೆ ಫಾಗ್ ಲ್ಯಾಂಪ್ ಜೋಡಿಸುವ ಮುನ್ನ ಮಾಡಬೇಕಾದ ವಿದ್ಯುತ್ ಲೆಕ್ಕ

ತಲಾ 55 ವ್ಯಾಟ್‌ನ ಎರಡು ಫಾಗ್ ಲ್ಯಾಂಪ್‌ಗಳನ್ನು 12 ವೋಲ್ಟ್ ಬ್ಯಾಟರಿಯ ಕಾರಿಗೆ ಜೋಡಿಸುವುದಾದರೆ, ಒಟ್ಟು 110 ವ್ಯಾಟನ್ನು 12ರಿಂದ ಭಾಗಿಸಿದಾಗ ಸುಮಾರು 9 ಆಂಪಿಯರ್ ಕರೆಂಟ್ ಹರಿಯುತ್ತದೆಂದು ತಿಳಿಯುತ್ತದೆ; ವೈರು, ಫ್ಯೂಸು, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್) ಎಲ್ಲವನ್ನೂ ಈ ಅಂಕಿಯನ್ನು ನೋಡಿಯೇ ಆರಿಸಬೇಕು. 0.5 ಚದರ ಮಿಲಿಮೀಟರಿನ ತೆಳು ತಾಮ್ರದ ವೈರನ್ನು 3 ಮೀಟರ್ ಎಳೆದರೆ ಅದರಲ್ಲೇ ಸುಮಾರು 1 ವೋಲ್ಟ್ ಸೋರಿ, ದೀಪ ಮಂಕಾಗುವುದಲ್ಲದೆ ವೈರೂ ಬಿಸಿಯಾಗುತ್ತದೆ, 2.5 ಚದರ ಮಿಲಿಮೀಟರಿನದಾದರೆ ನಷ್ಟ 0.2 ವೋಲ್ಟ್ ಆಸುಪಾಸಿನಲ್ಲಿ ನಿಲ್ಲುತ್ತದೆ.

ಫ್ಯೂಸ್ ಕಾಯುವುದು ದೀಪವನ್ನಲ್ಲ, ವೈರನ್ನು. ಆದ್ದರಿಂದ 15 ಆಂಪಿಯರ್ ಫ್ಯೂಸನ್ನು ಬ್ಯಾಟರಿಯ ಪ್ಲಸ್‌ನಿಂದ ಗೇಣುದೂರದೊಳಗೇ ಕೂರಿಸಬೇಕು. ಅಲ್ಲಿಂದ ರಿಲೇಯ 30ನೇ ಕಾಲಿಗೆ, 87ರಿಂದ ದೀಪಗಳಿಗೆ, ಸ್ವಿಚ್‌ನಿಂದ 86ಕ್ಕೆ, 85ರಿಂದ ಅರ್ತ್‌ಗೆ, ಅಂದರೆ ಬ್ಯಾಟರಿಯ ಮೈನಸ್‌ಗೆ ಸೇರಿರುವ ಕಾರಿನ ಲೋಹದ ಮೈಗೆ, ವೈರು ಕೊಡಬೇಕು.

ಹೆಚ್ಚಿನ ತೊಂದರೆಗಳು ಹುಟ್ಟುವುದು ಅರ್ತ್‌ನಲ್ಲಿ. ದೀಪ ಮಿನುಗುತ್ತಿದ್ದ ಕಾರಣ ಹುಡುಕುತ್ತಾ ನಾನೊಮ್ಮೆ ಇಡೀ ಮಧ್ಯಾಹ್ನ ಕಳೆದೆ. ಕೊನೆಗೆ ಸಿಕ್ಕಿದ್ದು ಬೋಲ್ಟಿನಡಿ ಉಳಿದಿದ್ದ ಬಣ್ಣದ ಪದರ. ಅದನ್ನು ಉಪ್ಪುಕಾಗದದಿಂದ ಉಜ್ಜಿ, ಲೋಹ ಹೊಳೆಯುವಂತೆ ಮಾಡಿದ ಮೇಲೆ ಬಿಗಿಯಬೇಕು. ದೀಪ ಉರಿಯುತ್ತಿರುವಾಗ ಅದರ ಮೈನಸ್‌ಗೂ ಬ್ಯಾಟರಿಯ ಮೈನಸ್‌ಗೂ ಮಲ್ಟಿಮೀಟರ್ ಹಿಡಿದು ನೋಡಿದರೆ, ಅರ್ಧ ವೋಲ್ಟಿನಷ್ಟು ಕಂಡರೂ ಆ ಅರ್ತ್ ಕೆಟ್ಟಿದೆಯೆಂದೇ ತಿಳಿಯಬೇಕು.

ವೈರು ಜೋಡಿಸಲು ಕೈಹಾಕುವ ಮೊದಲೇ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿರಬೇಕು. ಮೊದಲು ಪ್ಲಸ್ ಬಿಚ್ಚಲು ಹೊರಟರೆ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಗುಲಿ ಕಿಡಿ ಹಾರಬಹುದು.