ಎಂಜಿನ್ ಬಿಚ್ಚುವ ಮುನ್ನ ಬರೆಸಿದ್ದು: ವಾರಂಟಿ ದುರಸ್ತಿಯ ನನ್ನ ಅನುಭವ

ವಾರಂಟಿ ಅವಧಿ ಇನ್ನೂ ಬಾಕಿಯಿದ್ದ ನನ್ನ ಪೆಟ್ರೋಲ್ ಕಾರಿನ ಎಂಜಿನ್, ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುತ್ತಿದ್ದಾಗ ಏಕಾಏಕಿ ನಿಂತುಹೋಯಿತು. ಹೊಗೆ ಬರಲಿಲ್ಲ, ಬಿಸಿ ತೋರಿಸುವ ಮುಳ್ಳು ಮೇಲೇರಿರಲಿಲ್ಲ, ನಿಲ್ಲುವ ಮುನ್ನ ಆಯಿಲ್‌ನ ಕೆಂಪು ದೀಪವೂ ಹೊತ್ತಿಕೊಂಡಿರಲಿಲ್ಲ. ಕೊನೆಗೆ ಸಿಲಿಂಡರ್ ಹೆಡ್ (ವಾಲ್ವ್‌ಗಳಿರುವ ಎಂಜಿನ್ನಿನ ಮೇಲ್ಭಾಗ), ಟೈಮಿಂಗ್ ಚೈನ್ ಮತ್ತು ಆಯಿಲ್ ಪಂಪ್ ಎಲ್ಲವನ್ನೂ ಕಂಪನಿಯ ಖರ್ಚಿನಲ್ಲೇ ಬದಲಾಯಿಸಿಕೊಟ್ಟರು. ಹಾಗೆ ಆಗಲು ಕಾರಣ, ಬಹುಮಟ್ಟಿಗೆ, ಎಂಜಿನ್ ಬಿಚ್ಚುವುದಕ್ಕೆ ಮೊದಲೇ ಕಾಗದಕ್ಕೆ ಇಳಿದಿದ್ದ ಕೆಲವು ಸಾಲುಗಳು ಎಂಬುದು ನನ್ನ ನಂಬಿಕೆ. ಆದ್ದರಿಂದ ಆ ಭಾಗವನ್ನೇ ಇಲ್ಲಿ ಹೆಚ್ಚು ವಿವರವಾಗಿ ಬರೆಯುತ್ತಿದ್ದೇನೆ.

ಓಡುತ್ತಿರುವಾಗಲೇ ಎಂಜಿನ್ ನಿಂತರೆ ಎರಡು ಸಂಗತಿಗಳು ನೆನಪಿನಲ್ಲಿರಬೇಕು. ಬ್ರೇಕಿಗೆ ನೆರವಾಗುವ ಬೂಸ್ಟರಿನಲ್ಲಿ ನಿರ್ವಾತ ಉಳಿದಿರುವುದರಿಂದ ಒಂದೆರಡು ಸಲ ಬ್ರೇಕ್ ಎಂದಿನಂತೆಯೇ ಹಿಡಿಯುತ್ತದೆ. ಪೆಡಲನ್ನು ಮತ್ತೆ ಮತ್ತೆ ಒತ್ತಿ ಬಿಡುತ್ತಿದ್ದರೆ ಅದು ಖಾಲಿಯಾಗಿ, ಆಮೇಲೆ ಕಾಲಿನ ಪೂರ್ಣ ಬಲ ಬೇಕಾಗುತ್ತದೆ. ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಇದ್ದರೆ ಚಕ್ರ ಭಾರವಾಗುತ್ತದೆ, ಆದರೆ ತಿರುಗುತ್ತದೆ. ಅಪಾಯದ ದೀಪಗಳನ್ನು ಹಾಕಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಉಳಿದ ವೇಗದಲ್ಲೇ ರಸ್ತೆಯ ಅಂಚಿಗೆ ಸರಿಸಿ, ಬ್ರೇಕನ್ನು ಒಂದೇ ಹಿಡಿತದಲ್ಲಿ ಒತ್ತಿ ನಿಲ್ಲಿಸಿದೆ. ಕೀಲಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದರೆ ಕೆಲವು ಕಾರುಗಳಲ್ಲಿ ಸ್ಟೀರಿಂಗ್ ಲಾಕ್ ಬೀಳುತ್ತದಾದ್ದರಿಂದ ನಿಲ್ಲುವವರೆಗೂ ಅದನ್ನು ಮುಟ್ಟಲಿಲ್ಲ.

ನಿಂತ ಮೇಲೆ ಒಮ್ಮೆ ಮಾತ್ರ ಸೆಲ್ಫ್ ಹೊಡೆದೆ. ಆರೋಗ್ಯವಾಗಿರುವ ಎಂಜಿನ್ನನ್ನು ಸ್ಟಾರ್ಟರ್ ಮೋಟಾರು ತಿರುಗಿಸುವಾಗ ಪ್ರತಿ ಸಿಲಿಂಡರಿನ ಕಂಪ್ರೆಷನ್, ಅಂದರೆ ಒಳಗೆ ಅದುಮಿದ ಗಾಳಿಯ ಒತ್ತಡ, ಅದಕ್ಕೆ ಅಡ್ಡ ಬರುತ್ತದೆ, ಹಾಗಾಗಿ ಸದ್ದಿನಲ್ಲಿ ಒಂದು ಏರಿಳಿತ ಇರುತ್ತದೆ. ನನಗೆ ಕೇಳಿಸಿದ್ದು ಏರಿಳಿತವೇ ಇಲ್ಲದ, ಸುಯ್ ಎಂದು ಹಗುರವಾಗಿ ಓಡಿದ ಸದ್ದು. ಕಂಪ್ರೆಷನ್ ಇಲ್ಲ, ಅಂದರೆ ಸಿಲಿಂಡರಿಗೆ ಗಾಳಿ ಬಿಟ್ಟು ಹೊಗೆ ಹೊರಹಾಕುವ ವಾಲ್ವ್‌ಗಳು ಮುಚ್ಚಬೇಕಾದ ಹೊತ್ತಿಗೆ ಮುಚ್ಚುತ್ತಿಲ್ಲ ಎಂಬ ಅನುಮಾನಕ್ಕೆ ಇಷ್ಟು ಸಾಕು. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗುವಷ್ಟರಲ್ಲಿ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಒಂದು ಸುತ್ತು ತಿರುಗಬೇಕು. ಈ ಲೆಕ್ಕವನ್ನು ಕಾಯುವುದು ಟೈಮಿಂಗ್ ಚೈನ್ ಅಥವಾ ಬೆಲ್ಟ್. ಅದು ಹಲ್ಲು ಜಾರಿದರೆ, ಅನೇಕ ಎಂಜಿನ್‌ಗಳಲ್ಲಿ ಮೇಲಕ್ಕೆ ಬರುವ ಪಿಸ್ಟನ್ ತೆರೆದ ವಾಲ್ವಿಗೆ ಹೊಡೆದು ಅದನ್ನು ಬಾಗಿಸುತ್ತದೆ. ಮತ್ತೆ ಮತ್ತೆ ಸೆಲ್ಫ್ ಹೊಡೆದರೆ ಬಾಗದೆ ಉಳಿದ ವಾಲ್ವ್‌ಗಳೂ ಬಾಗುವ ಸಂಭವವಿದೆ, ಮೇಲಾಗಿ 'ಕೆಟ್ಟ ಮೇಲೂ ಓಡಿಸಲು ನೋಡಿದಿರಿ' ಎಂಬ ಮಾತಿಗೆ ದಾರಿಯಾಗುತ್ತದೆ.

ಟೋ ಗಾಡಿ ಬರುವವರೆಗಿನ ಸಮಯವನ್ನು ಫೋಟೋ ತೆಗೆಯಲು ಬಳಸಿಕೊಂಡೆ. ಕೀಲಿ ಆನ್ ಸ್ಥಿತಿಯಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಹೊತ್ತಿದ ದೀಪಗಳು, ಓಡೋಮೀಟರ್, ಕೂಲೆಂಟ್ ತೊಟ್ಟಿಯ ಮಟ್ಟ, ಕಾರಿನ ಕೆಳಗಿನ ಒಣ ನೆಲ, ಎಲ್ಲದರ ಚಿತ್ರ ತೆಗೆದೆ. ಎಲ್ಲಕ್ಕಿಂತ ಮುಖ್ಯವಾದದ್ದು ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನದು. ಸಮತಟ್ಟಾದ ಜಾಗದಲ್ಲಿ ಎಂಜಿನ್ ನಿಂತು ಕೆಲವು ನಿಮಿಷ ಕಳೆದು ಆಯಿಲ್ ಎಂಜಿನ್ನಿನ ತಳದ ತೊಟ್ಟಿಯಾದ ಸಂಪಿಗೆ ಇಳಿದ ಮೇಲೆ, ಕಡ್ಡಿಯನ್ನು ಒಮ್ಮೆ ಒರೆಸಿ, ಪುನಃ ಅದ್ದಿ ತೆಗೆದಾಗ ಆಯಿಲ್‌ನ ಗೆರೆ ಎರಡು ಗುರುತುಗಳ ನಡುವೆ, ಮೇಲಿನ ಗುರುತಿಗೆ ಹತ್ತಿರವಿತ್ತು. ಬಣ್ಣ ಕಂದು, ನೀರು ಬೆರೆತಾಗ ಕಾಣುವ ಹಾಲಿನ ಛಾಯೆ ಇರಲಿಲ್ಲ. ಕಡ್ಡಿಯ ಹಿಂದೆ ಕಾರಿನ ನೋಂದಣಿ ಫಲಕ ಕಾಣುವಂತೆ ಹಿಡಿದು ಚಿತ್ರ ತೆಗೆದೆ. ಯಾವುದೋ ಕಾರಿನ ಡಿಪ್‌ಸ್ಟಿಕ್ ಎಂದು ಯಾರೂ ಹೇಳುವಂತಿರಬಾರದಷ್ಟೆ.

ಡೀಲರ್ ವರ್ಕ್‌ಶಾಪಿನಲ್ಲಿ ಸರ್ವಿಸ್ ಅಡ್ವೈಸರ್ ಜಾಬ್ ಕಾರ್ಡಿನಲ್ಲಿ ಗ್ರಾಹಕರ ದೂರು ಎಂಬ ಕಡೆ 'ಎಂಜಿನ್ ಸ್ಟಾರ್ಟ್ ಆಗುತ್ತಿಲ್ಲ' ಎಂದು ಬರೆದು ಸಹಿಗೆ ಕೊಟ್ಟರು. ಅದು ಸುಳ್ಳಲ್ಲ, ಆದರೆ ಅಷ್ಟರಿಂದ ಏನೂ ತಿಳಿಯುವುದಿಲ್ಲ. ಬ್ಯಾಟರಿ ಇಳಿದ ಕಾರಿಗೂ, ನೀರು ಕುಡಿದ ಎಂಜಿನ್ನಿಗೂ ಅದೇ ವಾಕ್ಯ ಒಪ್ಪುತ್ತದೆ. ವಾರಂಟಿ ಪುಸ್ತಕದ ಹೊರಗಿಡುವ ಷರತ್ತುಗಳನ್ನು ಟೋ ಗಾಡಿಯಲ್ಲಿ ಕುಳಿತು ಓದಿಕೊಂಡಿದ್ದೆ: ಆಯಿಲ್ ಕೊರತೆ, ಮಿತಿಮೀರಿದ ಬಿಸಿ, ಎಂಜಿನ್ನಿಗೆ ನೀರು ನುಗ್ಗುವುದು, ತಪ್ಪು ಅಥವಾ ಕಲಬೆರಕೆ ಇಂಧನ, ನಿಗದಿತ ಸರ್ವಿಸ್ ತಪ್ಪಿಸುವುದು, ಎಂಜಿನ್ ನಿಯಂತ್ರಣದ ಸಾಫ್ಟ್‌ವೇರ್ ಬದಲಿಸುವುದು. ಅಡ್ವೈಸರ್ ಬಳಿ ವಿನಂತಿಸಿ ಹೀಗೆ ಬರೆಸಿದೆ: 'ಸಮವೇಗದಲ್ಲಿ ಓಡುತ್ತಿರುವಾಗ ಎಂಜಿನ್ ತಾನಾಗಿ ನಿಂತಿತು. ಅದಕ್ಕೆ ಮೊದಲು ಬಿಸಿಯ ಅಥವಾ ಆಯಿಲ್‌ನ ಎಚ್ಚರಿಕೆ ದೀಪ ಬಂದಿಲ್ಲ. ರಸ್ತೆ ಒಣಗಿತ್ತು. ವರ್ಕ್‌ಶಾಪಿಗೆ ಬಂದಾಗ ಆಯಿಲ್ ಮತ್ತು ಕೂಲೆಂಟ್ ಮಟ್ಟ ಸರಿಯಿದೆ.' ಕೊನೆಯ ವಾಕ್ಯವನ್ನು ಅವರು ತಾವೇ ಡಿಪ್‌ಸ್ಟಿಕ್ ಎಳೆದು ನೋಡಿದ ಮೇಲೆ ಬರೆದರು. ಪ್ರತಿ ಸಾಲೂ ಮುಂದೆ ಬರಬಹುದಾದ ಒಂದೊಂದು ಆಕ್ಷೇಪಕ್ಕೆ ಆಗಲೇ ಉತ್ತರವಾಗಿತ್ತು. ಚೈನ್ ಜಾರಿದೆ ಎಂಬ ನನ್ನ ಊಹೆಯನ್ನು ಮಾತ್ರ ಬರೆಸಲಿಲ್ಲ. ಲಕ್ಷಣ ಹೇಳುವುದು ಗ್ರಾಹಕನ ಕೆಲಸ. ರೋಗ ಕಂಡುಹಿಡಿಯುವುದು ವರ್ಕ್‌ಶಾಪಿನದು. ನಾವು ಹೇಳಿದ ರೋಗ ತಪ್ಪಾದರೆ ಲಕ್ಷಣದ ಮೇಲಿನ ನಂಬಿಕೆಯೂ ಹೋಗುತ್ತದೆ.

ಬ್ಯಾಟರಿಯ ತಂತಿ ಬಿಚ್ಚುವ ಮುನ್ನ ಸ್ಕ್ಯಾನರ್ ಹಾಕಿ, ಸಿಕ್ಕ ಕೋಡ್‌ಗಳನ್ನು ಅಳಿಸದೆ ಮುದ್ರಿಸಿ ಕೊಡಬೇಕೆಂದೂ ಕೇಳಿದೆ. ಬಂದ ಕೋಡ್‌ಗಳಲ್ಲಿ ಪಿ0016 ಇತ್ತು. ಕ್ರ್ಯಾಂಕ್‌ಶಾಫ್ಟ್ ಮತ್ತು ಕ್ಯಾಮ್‌ಶಾಫ್ಟ್‌ಗಳ ಸ್ಥಾನ ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂಬುದು ಅದರ ಅರ್ಥ. ಕೋಡಿನ ಜೊತೆಗೆ ದೋಷ ದಾಖಲಾದ ಕ್ಷಣದ ಎಂಜಿನ್ ವೇಗ, ಕೂಲೆಂಟ್ ಉಷ್ಣತೆ, ವಾಹನದ ವೇಗ ಮುಂತಾದ ಅಂಕಿಗಳನ್ನೂ ಕಾರಿನ ಕಂಪ್ಯೂಟರ್ ಹಿಡಿದಿಟ್ಟುಕೊಂಡಿರುತ್ತದೆ. ಇದನ್ನು ಫ್ರೀಜ್ ಫ್ರೇಮ್ ಎನ್ನುತ್ತಾರೆ. ಎಂಜಿನ್ ಮಿತಿಮೀರಿ ಕಾದಿರಲಿಲ್ಲ, ಎಂಜಿನ್ ವೇಗದ ಮಿತಿ ತೋರಿಸುವ ಕೆಂಪು ಗೆರೆಯವರೆಗೆ ಓಡಿಸಿರಲಿಲ್ಲ ಎಂದು ನಾನು ಹೇಳುವುದು ಬೇರೆ, ಕಾರಿನೊಳಗಿನ ದಾಖಲೆಯೇ ಹೇಳುವುದು ಬೇರೆ.

ನಂತರ ಬಂದದ್ದು ಎಂಜಿನ್ ಬಿಚ್ಚಲು ಒಪ್ಪಿಗೆ ಪತ್ರ. "ಸರ್, ಬಿಚ್ಚಿ ನೋಡದೆ ಕಂಪನಿಯವರು ಏನೂ ಹೇಳುವುದಿಲ್ಲ. ವಾರಂಟಿಯಲ್ಲಿ ಬರದಿದ್ದರೆ ಬಿಚ್ಚಿದ ಕೂಲಿ ನಿಮ್ಮದೇ," ಎಂದರು ಅಡ್ವೈಸರ್. ಈ ನಿಯಮ ಹಲವು ಕಡೆ ಇದೆ, ಅದರಲ್ಲಿ ಅನ್ಯಾಯವೇನೂ ಇಲ್ಲ. ಆದರೆ ಪತ್ರದಲ್ಲಿ ಎಲ್ಲಿಯವರೆಗೆ ಬಿಚ್ಚುತ್ತಾರೆ, ಕೂಲಿ ಎಷ್ಟು ಎಂಬ ಎರಡೂ ಜಾಗ ಖಾಲಿಯಿದ್ದವು. ಅಂಥ ಪತ್ರಕ್ಕೆ ಸಹಿ ಹಾಕಿದರೆ, ಕ್ಲೇಮ್ ತಿರಸ್ಕೃತವಾದ ದಿನ ಬಿಡಿಬಿಡಿಯಾದ ಎಂಜಿನ್ನೊಂದಿಗೆ ಅದೇ ವರ್ಕ್‌ಶಾಪಿನ ಕಟ್ಟೆಯ ಮೇಲೆ ಕೂರಬೇಕಾಗುತ್ತದೆ. ಕಾರನ್ನು ಬೇರೆಡೆಗೆ ಒಯ್ಯಲೂ ಆಗದು. ನಾನು ಹಂತ ಹಂತವಾಗಿ ಒಪ್ಪಿಗೆ ಕೊಟ್ಟೆ. ಮೊದಲ ಹಂತದಲ್ಲಿ ಕಂಪ್ರೆಷನ್ ಟೆಸ್ಟ್, ಸ್ಪಾರ್ಕ್ ಪ್ಲಗ್‌ಗಳ ರಂಧ್ರದಿಂದ ಬೋರೋಸ್ಕೋಪ್ ಎಂಬ ಸಣ್ಣ ಕ್ಯಾಮೆರಾ ಇಳಿಸಿ ಪಿಸ್ಟನ್ ತಲೆಯ ಚಿತ್ರ, ಮೇಲಿನ ವಾಲ್ವ್ ಕವರ್ ತೆಗೆದು ಚೈನಿನ ತಪಾಸಣೆ, ಇಷ್ಟೇ. ಹೆಡ್ ಇಳಿಸುವುದಾದರೆ ಅದಕ್ಕೆ ಬೇರೆ ಎಸ್ಟಿಮೇಟ್, ಬೇರೆ ಸಹಿ. ತೆಗೆದ ಪ್ರತಿ ಭಾಗವನ್ನೂ ಕ್ಲೇಮ್ ತೀರ್ಮಾನವಾಗುವವರೆಗೆ ಇಟ್ಟುಕೊಂಡಿರಬೇಕು ಎಂಬ ವಾಕ್ಯವನ್ನೂ ಸೇರಿಸಿದೆ. ಅಡ್ವೈಸರಿಗೆ ಇದು ಕಿರಿಕಿರಿಯಾದರೂ ವರ್ಕ್‌ಶಾಪ್ ಮ್ಯಾನೇಜರ್ ಯಾವ ತಕರಾರೂ ಇಲ್ಲದೆ ಒಪ್ಪಿದರು.

ಮೊದಲ ಹಂತದಲ್ಲೇ ವಿಷಯ ಸ್ಪಷ್ಟವಾಯಿತು. ಎರಡು ಸಿಲಿಂಡರುಗಳಲ್ಲಿ ಕಂಪ್ರೆಷನ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಬೋರೋಸ್ಕೋಪಿನ ಚಿತ್ರದಲ್ಲಿ ಪಿಸ್ಟನ್ ತಲೆಯ ಕಪ್ಪು ಮಸಿಯ ನಡುವೆ ವಾಲ್ವ್ ಬಡಿದ ಅರ್ಧಚಂದ್ರಾಕಾರದ ಹೊಳೆಯುವ ಗುರುತು. ಚೈನ್ ತುಂಡಾಗಿರಲಿಲ್ಲ, ಸಡಿಲವಾಗಿ ಜೋತುಬಿದ್ದಿತ್ತು. ಅದನ್ನು ಬಿಗಿಯಾಗಿ ಹಿಡಿಯಬೇಕಾದ ಟೆನ್ಶನರ್ ಆಯಿಲ್‌ನ ಒತ್ತಡದಿಂದ ಕೆಲಸ ಮಾಡುವಂಥದು, ಮತ್ತು ಇಲ್ಲಿಂದಲೇ ನಿಜವಾದ ಚರ್ಚೆ ಶುರುವಾಯಿತು. ಟೆನ್ಶನರ್ ಒಳಗಿನ ದೋಷದಿಂದ ಸೋತಿದ್ದರೆ ಅದು ತಯಾರಿಕೆಯ ದೋಷ, ವಾರಂಟಿಗೆ ಸೇರುತ್ತದೆ. ಹಳಸಿದ ಆಯಿಲ್‌ನ ಕೆಸರು ಕಟ್ಟಿ ಸೋತಿದ್ದರೆ ಅದು ಮಾಲೀಕನ ನಿರ್ಲಕ್ಷ್ಯ. ಮುರಿದ ಭಾಗ ಎರಡು ಕಡೆಯೂ ಒಂದೇ, ಖರ್ಚು ಯಾರದೆಂಬುದು ಮಾತ್ರ ಬೇರೆ.

ಕಂಪನಿಯ ಪರವಾಗಿ ಪರಿಶೀಲಿಸಲು ಬಂದ ಎಂಜಿನಿಯರ್ ಸರ್ವಿಸ್ ದಾಖಲೆ ನೋಡಿ, ಒಂದು ಸರ್ವಿಸ್ ತಮ್ಮ ಜಾಲದಲ್ಲಿ ಆಗಿಲ್ಲ ಎಂದರು. ನಿಜ, ಅದನ್ನು ಹೊರಗಿನ ಗ್ಯಾರೇಜಿನಲ್ಲಿ ಮಾಡಿಸಿದ್ದೆ. ಆ ಬಿಲ್ಲಿನಲ್ಲಿ ದಿನಾಂಕ, ಓಡೋಮೀಟರ್ ಅಂಕಿ, ಆಯಿಲ್‌ನ ದರ್ಜೆ 5ಡಬ್ಲ್ಯೂ-30, ಲೀಟರ್ ಪ್ರಮಾಣ, ಫಿಲ್ಟರಿನ ಭಾಗ ಸಂಖ್ಯೆ ಎಲ್ಲವೂ ಇದ್ದವು, ಮತ್ತು ಅವು ಮಾಲೀಕರ ಕೈಪಿಡಿಗೆ ತಾಳೆಯಾಗುತ್ತಿದ್ದವು. 'ಸರ್ವಿಸ್ ಚಾರ್ಜ್' ಎಂದಷ್ಟೇ ಬರೆದ ಬಿಲ್ಲು ಇಂಥ ಹೊತ್ತಿನಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ. ಹೊರಗೆ ಸರ್ವಿಸ್ ಮಾಡಿಸಿದ್ದರಿಂದ ವಾರಂಟಿ ರದ್ದಾಗುತ್ತದೆಯೇ ಎಂಬುದು ಆಯಾ ದೇಶದ ಕಾನೂನು ಮತ್ತು ವಾರಂಟಿ ಪುಸ್ತಕದ ಮಾತುಗಳಿಗೆ ಬಿಟ್ಟದ್ದು. ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆ, ನಮ್ಮಲ್ಲೇ ಹಣ ಕೊಟ್ಟು ಸರ್ವಿಸ್ ಮಾಡಿಸಿದರೆ ಮಾತ್ರ ವಾರಂಟಿ ಎಂಬಂಥ ಷರತ್ತನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ನಾನು ಕಾನೂನಿನ ಮಾತು ತೆಗೆಯಲಿಲ್ಲ. ಹೊರಗಿನ ಸರ್ವಿಸ್‌ನಿಂದಲೇ ಈ ಟೆನ್ಶನರ್ ಕೆಟ್ಟಿತು ಎಂಬುದಕ್ಕೆ ಎಂಜಿನ್ನಿನೊಳಗೆ ಯಾವ ಗುರುತಿದೆ, ಅದನ್ನು ತಿಳಿಸಿ ಎಂದು ಇಮೇಲ್‌ನಲ್ಲಿ ಕೇಳಿದೆ. ವಾಲ್ವ್ ಕವರಿನ ಒಳಮೈ ಶುಚಿಯಾಗಿತ್ತು, ಕೆಸರಿನ ಪದರವಿರಲಿಲ್ಲ. ಆ ಚಿತ್ರವನ್ನೂ ಲಗತ್ತಿಸಿದ್ದೆ.

ಪಾರಾಗಲು ನಿರ್ಣಾಯಕವಾಗಿ ನೆರವಾದದ್ದು ಮಾತ್ರ ಹಳೆಯ ಜಾಬ್ ಕಾರ್ಡು. ಹಿಂದಿನ ಒಂದು ಸರ್ವಿಸ್ ವೇಳೆ, ರಾತ್ರಿಯೆಲ್ಲ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡು ಕಟಕಟ ಸದ್ದು ಬರುತ್ತದೆ ಎಂದು ಅದೇ ವರ್ಕ್‌ಶಾಪಿನಲ್ಲಿ ದೂರು ಬರೆಸಿದ್ದೆ. 'ಪರಿಶೀಲಿಸಲಾಗಿದೆ, ಸಹಜ' ಎಂದು ಅವರು ಉತ್ತರ ಬರೆದಿದ್ದರು. ಆಯಿಲ್ ಒತ್ತಡ ಏರುವವರೆಗೆ ಟೆನ್ಶನರ್ ಚೈನನ್ನು ಹಿಡಿಯಲಾಗದಿದ್ದರೆ ಬರುವ ಸದ್ದು ಅದೇ ಬಗೆಯದು. ದೋಷ ವಾರಂಟಿಯೊಳಗೇ ತಲೆದೋರಿತ್ತು, ಅದನ್ನು ಅವರ ಗಮನಕ್ಕೆ ತಂದಿದ್ದೆ ಎಂಬುದಕ್ಕೆ ಅವರದೇ ಮುದ್ರೆಯಿತ್ತು. ಆ ಪುಟವನ್ನು ನೋಡಿದ ಮೇಲೆ ಎಂಜಿನಿಯರ್ ಹೊರಗಿನ ಸರ್ವಿಸ್ ವಿಷಯವನ್ನು ಮತ್ತೆ ಎತ್ತಲಿಲ್ಲ. ಸದ್ದು ಸಣ್ಣದೆಂದು ಬಾಯಿಮಾತಿನಲ್ಲಿ ಹೇಳಿ ಬರುವವರಿಗೆ ಈ ಅನುಕೂಲ ಇರುವುದಿಲ್ಲ.

ಸಂಪಿನಿಂದ ಆಯಿಲ್ ಇಳಿಸುವಾಗ ನನ್ನ ಎದುರಿನಲ್ಲೇ ಶುಚಿಯಾದ ಸೀಸೆಯಲ್ಲಿ ಸ್ವಲ್ಪ ತೆಗೆದು, ಮುಚ್ಚಳದ ಮೇಲೆ ಇಬ್ಬರ ಸಹಿಯುಳ್ಳ ಚೀಟಿ ಅಂಟಿಸಿದ್ದೆವು. ತಕರಾರು ಬೆಳೆದರೆ ಪ್ರಯೋಗಾಲಯಕ್ಕೆ ಕಳಿಸಿ ಕಬ್ಬಿಣದ ಅಂಶ, ಧೂಳಿನ ಗುರುತಾದ ಸಿಲಿಕಾನ್, ಬೆರೆತ ಇಂಧನ ಇತ್ಯಾದಿಗಳನ್ನು ಅಳೆಸಬಹುದು ಎಂಬ ಲೆಕ್ಕ. ಕಳಿಸುವ ಅಗತ್ಯ ಬರಲೇ ಇಲ್ಲ.

ಕ್ಲೇಮ್ ಒಪ್ಪಿದ ಮೇಲೂ ಒಂದು ಮಾತುಕತೆ ಉಳಿದಿತ್ತು. ಬಾಗಿದ ವಾಲ್ವ್‌ಗಳನ್ನು ಬದಲಿಸಿ, ಹೊಸ ಚೈನ್ ಹಾಕಿ ಕೊಡುತ್ತೇವೆ ಎಂಬುದು ಮೊದಲ ಪ್ರಸ್ತಾಪ. ಚೈನಿನ ಪಕ್ಕದ ಪ್ಲಾಸ್ಟಿಕ್ ಗೈಡಿನ ಒಂದು ತುದಿ ಮುರಿದಿರುವುದು ಚಿತ್ರದಲ್ಲಿ ಕಾಣುತ್ತಿತ್ತು, ಆ ತುಂಡು ಎಲ್ಲಿ ಹೋಯಿತು ಎಂದು ಕೇಳಿದೆ. ಸಂಪ್ ಇಳಿಸಿ ನೋಡಿದಾಗ ಆಯಿಲ್ ಹೀರುವ ಕೊಳವೆಯ ಜಾಲರಿಗೆ ಕಂದುಬಣ್ಣದ ಚೂರುಗಳು ಅಂಟಿಕೊಂಡಿದ್ದವು. ಜಾಲರಿ ಕಟ್ಟಿಕೊಂಡರೆ ಪಂಪಿಗೆ ಆಯಿಲ್ ಸಾಲದೆ ಕ್ರ್ಯಾಂಕ್‌ಶಾಫ್ಟಿನ ಬೇರಿಂಗ್‌ಗಳು ಸವೆಯುತ್ತವೆ, ಆ ಪೆಟ್ಟು ವಾರಂಟಿ ಮುಗಿದ ಮೇಲೆ ಕಾಣಿಸಿಕೊಳ್ಳುತ್ತದೆ. ಬೇರಿಂಗ್ ಕ್ಯಾಪ್ ಬಿಚ್ಚಿ ಮೇಲ್ಮೈ ನೋಡಿದರು, ಗೀರುಗಳಿರಲಿಲ್ಲ. ಪಿಸ್ಟನ್‌ಗಳ ಮೇಲಿನ ಗುರುತುಗಳು ಮೇಲುಮೇಲಿನವು, ಬಿರುಕಿಲ್ಲ ಎಂದು ಲಿಖಿತವಾಗಿ ಕೊಟ್ಟರು. ಹೆಡ್ಡನ್ನು ಜೋಡಿತ ರೂಪದಲ್ಲೇ ತರಿಸಿ, ಚೈನ್, ಗೈಡ್‌ಗಳು, ಟೆನ್ಶನರ್, ಆಯಿಲ್ ಪಂಪ್ ಪೂರ್ತಿ ಹೊಸದು ಹಾಕುವುದೆಂದು ತೀರ್ಮಾನವಾಯಿತು. ಇಡೀ ಎಂಜಿನ್ನೇ ಬೇಕೆಂದು ಹಟ ಹಿಡಿಯುವವರಿದ್ದಾರೆ. ಸಿಲಿಂಡರುಗಳಿರುವ ಎಂಜಿನ್ನಿನ ಮುಖ್ಯ ಒಡಲಾದ ಬ್ಲಾಕ್ ಚೆನ್ನಾಗಿದ್ದರೆ ಅದನ್ನು ಉಳಿಸಿಕೊಳ್ಳುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಬ್ಲಾಕ್ ಬದಲಾದರೆ ಎಂಜಿನ್ ಸಂಖ್ಯೆಯೂ ಬದಲಾಗಿ ನೋಂದಣಿ ಹಾಗೂ ವಿಮೆಯ ಕಾಗದಗಳನ್ನು ತಿದ್ದಿಸುವ ಕೆಲಸ ಹೆಗಲೇರುತ್ತದೆ.

ಕಾರು ಪಡೆಯುವ ದಿನ ಬಿಲ್ಲಿನ ಮೊತ್ತ ಸೊನ್ನೆಯಾಗಿದ್ದರೂ ಭಾಗ ಸಂಖ್ಯೆಗಳ ಪೂರ್ಣ ಪಟ್ಟಿ ಇರುವ ಇನ್‌ವಾಯ್ಸ್ ಕೇಳಿ ಪಡೆದೆ. ಆಯಿಲ್, ಕೂಲೆಂಟ್, ಗ್ಯಾಸ್ಕೆಟ್‌ಗಳು ಗ್ರಾಹಕರ ಖರ್ಚು ಎಂದು ಒಂದು ಸಾಲು ಬಂದಿತ್ತು. ವಾರಂಟಿ ದುರಸ್ತಿಗಾಗಿಯೇ ಚೆಲ್ಲಿದ ಆಯಿಲ್ ದುರಸ್ತಿಯದೇ ಭಾಗ ಎಂದು ಹೇಳಿದಾಗ ತೆಗೆದುಹಾಕಿದರು. ಬದಲಿಸಿದ ಭಾಗಗಳಿಗೆ ಪ್ರತ್ಯೇಕ ವಾರಂಟಿಯೋ, ಕಾರಿನ ಉಳಿದ ಅವಧಿಯಷ್ಟೇ ವಾರಂಟಿಯೋ ಎಂಬುದನ್ನೂ ಇನ್‌ವಾಯ್ಸಿನ ಮೇಲೆಯೇ ಬರೆಸಿಕೊಂಡೆ. ಹಿಂದಿನ ಸಂಜೆಯೇ ಕಾರನ್ನು ನಿಲ್ಲಿಸಿಡಲು ಹೇಳಿದ್ದರಿಂದ, ಮೊದಲ ತಣ್ಣಗಿನ ಸ್ಟಾರ್ಟ್ ಮೆಕ್ಯಾನಿಕ್ ಮತ್ತು ನಾನು ಇಬ್ಬರೂ ಕೇಳುವಂತೆ ಬಾನೆಟ್ ತೆರೆದೇ ಆಯಿತು, ಕಟಕಟ ಸದ್ದಿರಲಿಲ್ಲ. ನಿಗದಿತ ಅಂತರಕ್ಕೆ ಕಾಯದೆ ಬೇಗನೆ ಒಮ್ಮೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ತೆಗೆದ ಫಿಲ್ಟರನ್ನು ಕತ್ತರಿಸಿ ಅದರ ಮಡಿಕೆಗಳಲ್ಲಿ ಲೋಹ ಅಥವಾ ಪ್ಲಾಸ್ಟಿಕ್ ಚೂರುಗಳಿವೆಯೇ ನೋಡಬೇಕೆಂಬುದನ್ನೂ ಆಗಲೇ ಗೊತ್ತುಮಾಡಿಕೊಂಡಿದ್ದೆವು. ಹಾಗೆ ನೋಡಿದಾಗ ಏನೂ ಸಿಗಲಿಲ್ಲ. ಅದನ್ನೂ ಆ ಸಲದ ಜಾಬ್ ಕಾರ್ಡಿನಲ್ಲಿ ಬರೆದುಕೊಟ್ಟರು.