26 ಇಂಚಿನ ದಾರ

"ಕನ್ನಡಕದ ಅಂಗಡಿಯಲ್ಲಿ ಕೂರುವುದಕ್ಕೆ ನಾಲ್ಕು ವರ್ಷ ಓದಬೇಕೇ?" ಕಣ್ಣು ಪರೀಕ್ಷಿಸಿ ಕನ್ನಡಕದ ಪವರ್ ಗುರುತಿಸಲು ಕಲಿಸುವ ಆಪ್ಟೊಮೆಟ್ರಿಗೆ ಸೇರುತ್ತೇನೆ ಎಂದಾಗ ಅಮ್ಮ ಕೇಳಿದ ಪ್ರಶ್ನೆ ಇದು. ನೀಟ್‌ನಲ್ಲಿ ನನಗೆ ವೈದ್ಯಕೀಯ ಸೀಟು ಸಿಗುವಷ್ಟು ಅಂಕ ಬಂದಿರಲಿಲ್ಲ. ಇನ್ನೊಂದು ವರ್ಷ ಮನೆಯಲ್ಲಿ ಕುಳಿತು ಓದುವ ಅನುಕೂಲವೂ ಇರಲಿಲ್ಲ. ಆ ಹಿಂದಿನ ವರ್ಷ ಅಜ್ಜಿಯ ಕಣ್ಣಿನ ಪೊರೆ ತೆಗೆಸಲು ಬೆಂಗಳೂರಿನ ಮಿಂಟೋ ಆಸ್ಪತ್ರೆಗೆ ಓಡಾಡಿದ್ದೆ. 1896ರಿಂದ ಊರಿನ ಕಣ್ಣು ನೋಡುತ್ತಿರುವ ಆಸ್ಪತ್ರೆ ಅದು. ವೈದ್ಯರ ಕೊಠಡಿಗೆ ಹೋಗುವ ಮೊದಲೇ ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದಾದ ಒಬ್ಬಳು ಅಜ್ಜಿಯ ಮುಖಕ್ಕೆ ದುಂಡನೆಯ ಚೌಕಟ್ಟು ಇಟ್ಟು, ಪೆಟ್ಟಿಗೆಯಿಂದ ಒಂದೊಂದೇ ಮಸೂರ ತೆಗೆದು ಹಾಕಿ ನೋಡುತ್ತಿದ್ದಳು. ಅಜ್ಜಿ ಗೋಡೆಯ ಮೇಲಿನ ಅಕ್ಷರ ಓದಿದಾಗ ಆ ಹುಡುಗಿಯ ಮುಖ ಅರಳಿದ್ದು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು.

ಅರ್ಜಿಯ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಪಿಯುಸಿಯಲ್ಲಿ ವಿಜ್ಞಾನ ಓದಿದ್ದೆ. ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳ ಪಟ್ಟಿಯಲ್ಲಿ ಇದೆಯೇ ಎಂಬುದನ್ನು ಕಾಲೇಜಿನ ಕರಪತ್ರ ನಂಬದೆ ವಿಶ್ವವಿದ್ಯಾಲಯದ ಪಟ್ಟಿಯಲ್ಲಿಯೇ ನೋಡಿದೆ. ಜಾತಿ, ಆದಾಯ ಪ್ರಮಾಣಪತ್ರಗಳಿಗೆ ನಾಡಕಚೇರಿಯಲ್ಲಿ ಫಲಿತಾಂಶಕ್ಕೆ ಮುಂಚೆಯೇ ಅರ್ಜಿ ಕೊಟ್ಟಿದ್ದರಿಂದ ವಿದ್ಯಾರ್ಥಿವೇತನಕ್ಕೆ ಪರದಾಡಲಿಲ್ಲ. ನಾನು ಓದಿದಾಗ ಮೂರು ವರ್ಷ ತರಗತಿ, ಒಂದು ವರ್ಷ ಇಂಟರ್ನ್‌ಶಿಪ್. 2021ರ ಕೇಂದ್ರ ಕಾಯ್ದೆಯಿಂದ ಈಗ ಆಪ್ಟೊಮೆಟ್ರಿಯೂ ಸೇರಿದಂತೆ ವೈದ್ಯಕೀಯಕ್ಕೆ ಪೂರಕವಾದ ಆರೋಗ್ಯ ವೃತ್ತಿಗಳಿಗೆಲ್ಲ ಒಂದು ರಾಷ್ಟ್ರೀಯ ಆಯೋಗ ಬಂದಿದೆ. ಆದ್ದರಿಂದ ಅವಧಿ, ಅರ್ಹತೆ ಎರಡನ್ನೂ ನೀವು ಸೇರುವ ವರ್ಷದ ಪ್ರಕಟಣೆಯಲ್ಲಿಯೇ ಓದಿಕೊಳ್ಳಿ.

ಕಾಲೇಜು ಆರಿಸುವಾಗ ಮಾತ್ರ ನಿಧಾನಿಸಿ. ನಾನು ಮೂರು ಕಡೆ ಹೋಗಿ ಬಂದೆ. ಒಂದು ಕಡೆ ಗಾಜಿನ ಕಟ್ಟಡ, ಹೊಳೆಯುವ ಪ್ರಯೋಗಾಲಯ. ಯಂತ್ರಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿರಲಿಲ್ಲ. ಇನ್ನೊಂದು ಕಡೆ ಇಕ್ಕಟ್ಟಾದ ಹಳೆಯ ಆಸ್ಪತ್ರೆ, ಬೆಳಿಗ್ಗೆ ಎಂಟಕ್ಕೇ ಹೊರರೋಗಿ ವಿಭಾಗದಲ್ಲಿ ನಿಲ್ಲಲು ಜಾಗವಿಲ್ಲ. ಅಲ್ಲಿ ಎರಡನೆಯ ವರ್ಷದ ಒಬ್ಬ ವಿದ್ಯಾರ್ಥಿನಿಯನ್ನು ಪಕ್ಕಕ್ಕೆ ಕರೆದು ಒಂದೇ ಪ್ರಶ್ನೆ ಕೇಳಿದೆ: "ಅಕ್ಕಾ, ನಿನ್ನೆ ನೀವೇ ಸ್ವತಃ ಎಷ್ಟು ಜನರ ಕಣ್ಣು ನೋಡಿದಿರಿ?" ಅವಳು ಬೆರಳು ಮಡಿಸಿ ಎಣಿಸಿ, "ಹದಿನಾಲ್ಕು" ಎಂದಳು. ನಾನು ಅಲ್ಲಿಗೇ ಸೇರಿದೆ. ಈಗ ಯಾರು ಸಲಹೆ ಕೇಳಿದರೂ, ಆ ಪ್ರಶ್ನೆಯನ್ನು ಕಚೇರಿಯವರಿಗಲ್ಲ, ವಿದ್ಯಾರ್ಥಿಗಳಿಗೆ ಕೇಳಿ ಎನ್ನುತ್ತೇನೆ.

ಮೊದಲ ವರ್ಷ ಕಷ್ಟವಾಯಿತು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಅಂಗರಚನೆ, ಶರೀರಕ್ರಿಯೆ, ಬೆಳಕಿನ ಶಾಸ್ತ್ರ ಎಲ್ಲವೂ ಇಂಗ್ಲಿಷಿನಲ್ಲಿ ಒಮ್ಮೆಗೇ ಮೇಲೆ ಬಿದ್ದವು. ನೋಟ್ ಪುಸ್ತಕದ ಅಂಚಿನಲ್ಲಿ ಪಾರಪಟಲ, ಅಕ್ಷಿಪಟಲ, ಪಾಪೆ ಎಂದು ಹೈಸ್ಕೂಲಿನ ಪದಗಳನ್ನು ಬರೆದುಕೊಂಡು ಓದುತ್ತಿದ್ದೆ. ಆ ಅಂಚಿನ ಪದಗಳೇ ಮುಂದೆ ರೋಗಿಗಳಿಗೆ ವಿವರಿಸುವಾಗ ಕೈ ಹಿಡಿದವು.

ನನ್ನನ್ನು ನಿಜವಾಗಿ ಕಾಡಿದ್ದು ರೆಟಿನೋಸ್ಕೋಪ್, ರೋಗಿಯನ್ನು ಕೇಳದೆಯೇ ಕಣ್ಣಿನ ಪವರ್ ಅಳೆಯುವ ಸಾಧನ. ಮಂದ ಬೆಳಕಿನ ಕೋಣೆಯಲ್ಲಿ ರೋಗಿಯ ಕಣ್ಣಿಗೆ ಬೆಳಕಿನ ಒಂದು ಗೆರೆ ಹಾಯಿಸಿ, ಪಾಪೆಯೊಳಗೆ ಕಾಣುವ ಕೆಂಪು ಹೊಳಪು ಯಾವ ಕಡೆಗೆ ಸರಿಯುತ್ತದೆ ಎಂದು ನೋಡಬೇಕು. ನಮ್ಮ ಗೆರೆಯ ಜೊತೆಯಲ್ಲಿಯೇ ಸರಿದರೆ ಪ್ಲಸ್ ಮಸೂರ, ಎದುರು ದಿಕ್ಕಿಗೆ ಸರಿದರೆ ಮೈನಸ್. ಮಸೂರ ಬದಲಿಸುತ್ತ ಹೋದಂತೆ ಒಂದು ಹಂತದಲ್ಲಿ ಚಲನೆ ನಿಂತು ಪಾಪೆ ಪೂರ್ತಿ ಒಮ್ಮೆಗೇ ಬೆಳಗುತ್ತದೆ. ಮಾತು ಬಾರದ ಮಗುವಿನ ಕಣ್ಣೂ ತನ್ನ ಲೆಕ್ಕವನ್ನು ತಾನೇ ಹೇಳುತ್ತದೆ. ನಾವು ಕುಳಿತ ದೂರ 66 ಸೆಂಟಿಮೀಟರ್ ಆದರೆ ಬಂದ ಅಂಕಿಯಿಂದ ಒಂದೂವರೆ ಡಯಾಪ್ಟರ್ (ಮಸೂರದ ಪವರಿನ ಅಳತೆ) ಕಳೆಯಬೇಕು. ಒಂದು ದಿನ ಆತುರದಲ್ಲಿ ಕಳೆಯುವುದನ್ನು ಮರೆತೆ. ಮೈನಸ್ 4 ಬೇಕಿದ್ದ ಹುಡುಗನಿಗೆ ಮೈನಸ್ 2.50 ಬರೆದೆ. ಆ ಮಸೂರ ಹಾಕಿಕೊಂಡು ಅವನು ಗೋಡೆಯ ಕಡೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಅಂಕಿ ಕಳೆಯುವುದನ್ನು ಕಲಿತ ಮೇಲೂ ತಪ್ಪು ನಿಲ್ಲಲಿಲ್ಲ. ರೋಗಿಯ ಕಣ್ಣಿನ ಹೊಳಪು ಸರಿಯಾಗಿ ಕಾಣದಿದ್ದಾಗ ಗೊತ್ತಿಲ್ಲದೆಯೇ ಮುಂದಕ್ಕೆ ಬಾಗುತ್ತಿದ್ದೆ, ದೂರವೇ ಬದಲಾಗುತ್ತಿತ್ತು. "ಮಸೂರ ಆಮೇಲೆ, ಮೊದಲು ನೀನು ಕೂರುವ ಜಾಗ ಸರಿಮಾಡಿಕೋ" ಎಂದರು ಮೇಡಂ.

ಅಪ್ಪ ಚಿಕ್ಕಪೇಟೆಯಲ್ಲಿ ರವಿಕೆ ಹೊಲಿಯುತ್ತಾರೆ. ಅಂದು ರಾತ್ರಿ ವಿಷಯ ಹೇಳಿದೆ. ಅಳತೆ ಟೇಪು ತೆಗೆದು, "66 ಸೆಂಟಿಮೀಟರ್ ಎಂದರೆ 26 ಇಂಚು" ಎಂದು ಗಟ್ಟಿ ದಾರವೊಂದನ್ನು ಕತ್ತರಿಸಿ ಎರಡೂ ತುದಿಗೆ ಗಂಟು ಹಾಕಿ ಕೊಟ್ಟರು. ಒಂದು ಗಂಟು ನನ್ನ ಹುಬ್ಬಿನ ಬಳಿ, ಇನ್ನೊಂದು ರೋಗಿಯ ಚೌಕಟ್ಟಿನ ಬಳಿ. ಮೂರು ತಿಂಗಳಲ್ಲಿ ಮೈಗೆ ಅಳತೆ ಹತ್ತಿತು.

ಮೂರನೆಯ ವರ್ಷ ಕಲಿತದ್ದು ಕೇಳುವ ಬಗೆ. "ಮೊದಲನೆಯದು ಸ್ಪಷ್ಟವೋ, ಎರಡನೆಯದೋ?" ಎಂದರೆ ನಮ್ಮ ಜನ ಸಂಕೋಚದಿಂದ, ನಮಗೆ ಬೇಸರವಾಗಬಾರದೆಂದು, ಯಾವುದಾದರೂ ಒಂದನ್ನು ಹೇಳಿಬಿಡುತ್ತಾರೆ. ಆದರೆ ಎರಡು ನೋಟ ಹೋಲಿಸಿ ಪವರ್ ಹದಗೊಳಿಸುವ ಕ್ರಾಸ್ ಸಿಲಿಂಡರ್ ಪರೀಕ್ಷೆಯಲ್ಲಿ ಎರಡೂ ಒಂದೇ ಸಮ ಎಂಬ ಉತ್ತರಕ್ಕೇ ನಾವು ಕಾಯುತ್ತಿರುತ್ತೇವೆ. "ಒಂದೇ ಥರ ಕಂಡರೆ ಹಾಗೆಯೇ ಹೇಳಿ, ಅದೂ ಸರಿಯಾದ ಉತ್ತರವೇ" ಎಂದು ಮೊದಲೇ ಹೇಳತೊಡಗಿದ ಮೇಲೆ ನನ್ನ ಅಂಕಿಗಳು ಹದಕ್ಕೆ ಬಂದವು. ಕೆ.ಆರ್. ಮಾರುಕಟ್ಟೆಯ ಹೂವಿನ ಅಜ್ಜಿಯೊಬ್ಬರು ಅಕ್ಷರ ಬಾರದೆಂದು ನಾಚಿ ತಲೆ ತಗ್ಗಿಸಿದ್ದರು. ಮೂರು ಗೀಟಿನ ಇ ಗುರುತಿನ ಫಲಕ ತೋರಿಸಿ, ಅದರ ಬಾಯಿ ಯಾವ ಕಡೆಗಿದೆ ಎಂದು ಕೈಯಲ್ಲಿ ತೋರಿಸಲು ಹೇಳಿದೆ. ಕೊನೆಯ ಸಾಲಿನ ಹಿಂದಿನ ಸಾಲಿನವರೆಗೂ ತೋರಿಸಿದರು. ಓದುವ ಕನ್ನಡಕಕ್ಕೆ ಬಂದಾಗ, "ಹೂ ಕಟ್ಟುವಾಗ ಕೈ ಎಲ್ಲಿ ಇಟ್ಟುಕೊಳ್ಳುತ್ತೀರಿ ಅಜ್ಜಿ?" ಎಂದು ಕೇಳಿ, ಮಡಿಲಿಗೆ ಅಳತೆ ಹಿಡಿದೆ.

ಆ ಸಂಜೆ ಮನೆಗೆ ಬಂದಾಗ ಅಪ್ಪ ಎಂದಿನಂತೆ ಯಂತ್ರದ ಮೇಲೆ ಬಗ್ಗಿ ಕುಳಿತಿದ್ದರು. ಕುತ್ತಿಗೆ ನೋವೆಂದು ವರ್ಷದಿಂದ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು. ಅವರ ಕನ್ನಡಕ ಫುಟ್‌ಪಾತಿನಲ್ಲಿ ಕೊಂಡ ಪ್ಲಸ್ 2.50. ದೂರದ್ದನ್ನು ನೋಡಲು ಅವರಿಗೆ ಯಾವ ಪವರೂ ಬೇಡ, ಹಾಗಾಗಿ ಆ ಮಸೂರದಲ್ಲಿ 40 ಸೆಂಟಿಮೀಟರಿನ ಆಚೆಗೆ ಎಲ್ಲವೂ ಮಸುಕು. ಯಂತ್ರದ ಸೂಜಿ ಇದ್ದದ್ದು 55ರಲ್ಲಿ. ಸೂಜಿ ಕಾಣಲು ಬಾಗದೆ ಬೇರೆ ದಾರಿಯೇ ಇರಲಿಲ್ಲ. ಮರುದಿನ ಆಸ್ಪತ್ರೆಗೆ ಕರೆದೊಯ್ದೆ. ನಮ್ಮ ಓದಿನಲ್ಲಿ ಪವರ್ ಅರ್ಧ ಕೆಲಸ ಮಾತ್ರ. ಕಣ್ಣಿನ ಒತ್ತಡ ಅಳೆದು, ಕಣ್ಣನ್ನು ಹಿಗ್ಗಿಸಿ ತೋರಿಸುವ ಸ್ಲಿಟ್ ಲ್ಯಾಂಪಿನಲ್ಲಿ ನೋಡಿ, ಸಂದೇಹ ಬಂದರೆ ತಡಮಾಡದೆ ವೈದ್ಯರಿಗೆ ಒಪ್ಪಿಸುವುದೂ ನಮ್ಮದೇ. ಒತ್ತಡ 16, ಎಲ್ಲವೂ ಸರಿಯಾಗಿತ್ತು. ಪ್ಲಸ್ 1.50 ಬರೆದೆ, ಮೇಡಂ ಪರೀಕ್ಷಿಸಿ ಸಹಿ ಹಾಕಿದರು.

ಹೊಸ ಕನ್ನಡಕ ಬಂದ ದಿನ ಅಪ್ಪ ಬೆನ್ನು ನೆಟ್ಟಗೆ ಮಾಡಿ ಯಂತ್ರದ ಮುಂದೆ ಕುಳಿತು ದಾರ ಪೋಣಿಸಿದರು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಇದರಲ್ಲಿ ಎಲ್ಲಿಯವರೆಗೆ ಸ್ಪಷ್ಟವಾಗಿ ಕಾಣುತ್ತದೆ?" ಎಂದು ಅಪ್ಪ ಕೇಳಿದರು.

ನನ್ನ ಚೀಲದಿಂದ ದಾರ ತೆಗೆದು ಅವರ ಹುಬ್ಬಿನಿಂದ ಎಳೆದು ತೋರಿಸಿದೆ. 26 ಇಂಚು.